ಔಲಿಯೋ ಸೋಲಂಗೋ: ಕಾಸರಗೋಡಿನಿಂದ ಹಿಮದ ಕಡೆಗೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಸಲ ಔಲಿಗೂ ಎರಡು ಸಲ ಸೋಲಂಗಿಗೂ ಹೋಗಿ ಬಂದ ತಪ್ಪಿಗೆ ನಾನೀಗ ಬದಿಯಡ್ಕ ಸೀಮೆಯ ಹಿಮದ ಪಂಡಿತ. ಮದುವೆ ಊಟದ ಪಂಕ್ತಿಯಲ್ಲಿ, ಸೊಸೈಟಿಯಲ್ಲಿ ಅಡಕೆ ತೂಗುವಾಗ, ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಕೇಳಿದ ಹಾಗೇ ಬರೆದಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಸ್ಕೀಯಿಂಗ್ ಅಂದ್ರೆ ಎಂತ? ನಾವು ಅಡಕೆ ಹಾಳೆಯಲ್ಲಿ ಕೂತು ಗುಡ್ಡೆ ಜಾರಿದ ಹಾಗೆಯಾ?

ಜಾರುವುದು ಎರಡರಲ್ಲೂ ಉಂಟು, ನಿಲ್ಲಿಸುವುದು ಒಂದರಲ್ಲಿ ಮಾತ್ರ. ಹಾಳೆ ತಾನು ನಿಂತಾಗ ನಿಲ್ಲುತ್ತದೆ, ಇಲ್ಲವೇ ಗೇರು ಮರ ನಿಲ್ಲಿಸುತ್ತದೆ. ಸ್ಕೀ ಎಂದರೆ ಎರಡೂ ಕಾಲಿಗೆ ಒಂದೊಂದು ಉದ್ದನೆಯ ಪಟ್ಟಿ. ಗಟ್ಟಿ ಶೂವನ್ನು ಅದಕ್ಕೆ ಕಚ್ಚಿಸಿ, ನಿಂತುಕೊಂಡು ಹಿಮದ ಇಳಿಜಾರಿನಲ್ಲಿ ಇಳಿಯಬೇಕು. ಪಟ್ಟಿಯ ಅಂಚು ಹಿಮಕ್ಕೆ ಕಚ್ಚಿದರೆ ವೇಗ ಕಡಿಮೆ, ಚಪ್ಪಟೆ ಕೂತರೆ ವೇಗ ಜಾಸ್ತಿ. ಕಲಿಯಬೇಕಾದದ್ದೆಲ್ಲ ಈ ಅಂಚಿನ ವಿದ್ಯೆ.

ನಮ್ಮ ಮೊದಲ ತಂಡದ ಹುಡುಗನೊಬ್ಬ ತಮಾಷೆಗೆ ಒಂದು ಒಣ ಹಾಳೆಯನ್ನು ಚೀಲಕ್ಕೆ ಕಟ್ಟಿಕೊಂಡು ಔಲಿಯವರೆಗೆ ತಂದಿದ್ದ. ಮೊದಲ ದಿನ ನಮ್ಮೆಲ್ಲರಿಗಿಂತ ದೂರ ಹೋದವನು ಅವನೇ.

ಈ ಎರಡು ಊರು ಎಲ್ಲುಂಟು? ಎಲ್ಲರೂ ಗುಲ್ಮಾರ್ಗ್ ಅಂತಾರೆ, ನೀವು ಇವನ್ನೇ ಯಾಕೆ ಹೇಳ್ತೀರಿ?

ಔಲಿ ಇರುವುದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ನೆತ್ತಿಯ ಮೇಲೆ. ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದ ನಡುವೆ ಇವೆ. ಆಕಾಶ ತಿಳಿಯಾಗಿದ್ದರೆ ಎದುರಿಗೇ 7,816 ಮೀಟರಿನ ನಂದಾದೇವಿ. ಸೋಲಂಗ್ ಹಿಮಾಚಲದ ಕುಲ್ಲು ಜಿಲ್ಲೆಯದು. ಮನಾಲಿಯಿಂದ ಹದಿಮೂರು, ಹದಿನಾಲ್ಕು ಕಿಲೋಮೀಟರ್ ಮೇಲೆ, ಸುಮಾರು 2,500 ಮೀಟರ್ ಎತ್ತರದ ಕಣಿವೆ.

ಗುಲ್ಮಾರ್ಗ್ ದೊಡ್ಡದು. ಅಲ್ಲಿನ ಗೊಂಡೊಲಾ ಎಂಬ ರೋಪ್‌ವೇ ಸುಮಾರು 3,980 ಮೀಟರ್‌ವರೆಗೆ ಒಯ್ಯುತ್ತದೆ, ಮೇಲಿನ ಇಳಿಜಾರು ಪಳಗಿದವರಿಗೆ. ಈಜು ಕಲಿಯುವವನನ್ನು ತೋಟದ ಕೆರೆಗೆ ಇಳಿಸುತ್ತೇವೆಯೇ ಹೊರತು ಕಡಲಿಗೆ ದೂಡುವುದಿಲ್ಲ. ಈ ಎರಡೂ ಕೆರೆಗಳು.

ಒಂದೇ ಮಾತಲ್ಲಿ ಹೇಳಿ ಮಾರಾಯ್ರೇ, ಎಲ್ಲಿಗೆ ಹೋಗುವುದು?

ಹಿಮ ನೋಡಬೇಕಾದರೆ ಸೋಲಂಗ್. ಜಾರಲು ಕಲಿಯಬೇಕಾದರೆ ಔಲಿ.

ಸೋಲಂಗಿನ ಇಳಿಜಾರು ಕೆಟ್ಟದ್ದೆಂದು ಈ ಮಾತಿನ ಅರ್ಥವಲ್ಲ. ಅಲ್ಲಿ ಮಾಡಲು ನೂರು ಕೆಲಸಗಳಿವೆ: ರೋಪ್‌ವೇ, ಅಟಲ್ ಸುರಂಗ, ಹಿಡಿಂಬಾ ಗುಡಿ, ಮಾಲ್ ರಸ್ತೆಯ ಶಾಲು ಅಂಗಡಿ. ಎರಡು ಸಲ ಬಿದ್ದು ಮೊಣಕಾಲು ನೋವಾದ ಕೂಡಲೇ ಮನಸ್ಸು ಶಾಲು ಅಂಗಡಿಗೆ ಓಡುತ್ತದೆ. ಔಲಿಯಲ್ಲಿ ಓಡಲು ಜಾಗವೇ ಇಲ್ಲ. ಬೆಳಗ್ಗೆ ಎದ್ದರೆ ಇಳಿಜಾರು, ಸಂಜೆ ಆರಕ್ಕೆ ಕತ್ತಲೆ, ಆಮೇಲೆ ರಜಾಯಿ. ಬೇಜಾರಿಗಾದರೂ ಕಲಿಯುತ್ತೀರಿ. ಎರಡರ ಇಳಿಜಾರನ್ನೂ ಅಳೆದು ಹೋಲಿಸುವವರು ಈ ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎಷ್ಟು ದಿನ ಬೇಕು? ರೈಲಲ್ಲಿ ಹೋದ್ರೆ ಆಗ್ತದಾ?

ಆಗುತ್ತದೆ, ದಿನ ಇದ್ದರೆ. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲಿ ಹತ್ತಿದರೆ ಎರಡು ರಾತ್ರಿ ಕಳೆದು ದೆಹಲಿಯ ನಿಜಾಮುದ್ದೀನ್. ಮನಾಲಿಗೆ ಅಲ್ಲಿಂದ ರಾತ್ರಿ ಬಸ್ಸಿದೆ, ಕಶ್ಮೀರಿ ಗೇಟಿನಲ್ಲಿ ಹತ್ತಿದರೆ ಸುಮಾರು 530 ಕಿಲೋಮೀಟರ್, ಹನ್ನೆರಡರಿಂದ ಹದಿನಾಲ್ಕು ಗಂಟೆ. ಔಲಿಗೆ ಹಾಗೆ ಒಂದೇ ಓಟದಲ್ಲಿ ಆಗುವುದಿಲ್ಲ. ಮೊದಲು ಹರಿದ್ವಾರವೋ ಋಷಿಕೇಶವೋ ಸೇರಿ ರಾತ್ರಿ ಉಳಿಯಬೇಕು. ಬೆಟ್ಟದ ಬಸ್ಸುಗಳು ಬೆಳಕು ಹರಿಯುವ ಮೊದಲೇ ಹೊರಡುತ್ತವೆ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ಒಂದಿಡೀ ಹಗಲು. ಆದರೆ ಆ ಹಗಲು ನಷ್ಟವಲ್ಲ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ನಾಲ್ಕೂ ಕಿಟಕಿಯಲ್ಲೇ ಬರುತ್ತವೆ.

ರೈಲಿನಲ್ಲಿ ಹೋಗಿ ಬರುವುದಕ್ಕೇ ಔಲಿಗೆ ಎಂಟೊಂಬತ್ತು ದಿನ, ಸೋಲಂಗಿಗೆ ಏಳು. ಇದಕ್ಕೆ ಅಲ್ಲಿ ಕಳೆಯುವ ದಿನ ಕೂಡಿಸಿ. ಮಂಗಳೂರಿನಿಂದ ದೆಹಲಿಗೆ ವಿಮಾನವಾದರೆ ಔಲಿಗೆ ಹೋಗಿ ಬರಲು ನಾಲ್ಕು ದಿನ, ಸೋಲಂಗಿಗೆ ಮೂರು. ಕೈಯಲ್ಲಿ ಒಟ್ಟು ಆರು ದಿನ ಮಾತ್ರ ಇದ್ದರೆ ಔಲಿಯ ಆಸೆ ಬಿಡಿ. ಬಸ್ಸಿನಲ್ಲೇ ರಜೆ ಮುಗಿಯುತ್ತದೆ.

ರೈಲಿನ ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಹಿಂದಿನ ಹಾಗೆ ನಾಲ್ಕು ತಿಂಗಳಲ್ಲ. ದಿನ ಗುರುತು ಹಾಕಿಟ್ಟುಕೊಳ್ಳಿ.

ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಹೋದ್ರೆ ಹಿಮ ಸಿಗ್ತದಾ?

ನಮ್ಮ ದೊಡ್ಡ ತಾಪತ್ರಯ ಇದು. ನಮ್ಮ ಕನ್ನಡ ಶಾಲೆಗಳಿಗೂ ಕೇರಳದ್ದೇ ರಜೆ: ಡಿಸೆಂಬರ್ ಕೊನೆಗೆ ಹತ್ತು ದಿನ, ಮತ್ತೆ ಏಪ್ರಿಲ್, ಮೇ. ಹಿಮಕ್ಕೆ ಒಳ್ಳೆಯ ಕಾಲ ಜನವರಿಯ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಡಿಸೆಂಬರಿನಲ್ಲಿ ಬಿದ್ದರೆ ಬಿದ್ದೀತು. ಏಪ್ರಿಲ್‌ನಲ್ಲಿ ಆ ಇಳಿಜಾರುಗಳಲ್ಲಿ ಹುಲ್ಲು ಮೂಡುತ್ತಿರುತ್ತದೆ. ಫೆಬ್ರವರಿಯಲ್ಲಿ ಮಕ್ಕಳಿಗೆ ಪರೀಕ್ಷೆಯ ಬಿಸಿ, ದೊಡ್ಡವರಿಗೆ ಅಡಕೆ ಕೊಯ್ಲು.

ಡಿಸೆಂಬರಿನಲ್ಲೇ ಹೋಗಬೇಕಾದರೆ ಸೋಲಂಗನ್ನೇ ಆರಿಸಿ. ಅಲ್ಲಿ ಹಿಮ ಇಲ್ಲದಿದ್ದರೂ ದಾರಿಗಳುಂಟು. ರೋಪ್‌ವೇಯಲ್ಲಿ ಸುಮಾರು 3,200 ಮೀಟರಿಗೆ ಏರಬಹುದು. ಇಲ್ಲವೇ 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗ ದಾಟಿ ಲಾಹೌಲಿನ ಸಿಸ್ಸು ಕಡೆ ಹೋಗಬಹುದು. ಔಲಿಯಲ್ಲಿ ಹಿಮ ಬೀಳದಿದ್ದರೆ ಮಕ್ಕಳಿಗೆ ತೋರಿಸಲು ದೂರದ ಬೆಳ್ಳನೆ ಶಿಖರಗಳು ಮಾತ್ರ. ನಮಗೆ ಅದೇ ಸ್ವರ್ಗ, ಎಂಟು ವರ್ಷದವರಿಗೆ ಅರ್ಧ ಗಂಟೆಯ ಕಾರ್ಯಕ್ರಮ.

ಹೊಸ ವರ್ಷದ ವಾರ ಮನಾಲಿಯಲ್ಲಿ ಜನ ಹೇಗಿರುತ್ತಾರೆಂದರೆ, ಮೂಡಪ್ಪ ಸೇವೆಗೆ ಮಧೂರು ದೇವಸ್ಥಾನದಲ್ಲಿ ಕಂಡ ವಾಹನಗಳ ಸಾಲು ನೆನಪಿಸಿಕೊಳ್ಳಿ, ಅದರ ಮೇಲೆ ಹಿಮ ಸುರಿಯುತ್ತಿದೆ ಎಂದುಕೊಳ್ಳಿ.

## ಹೊರಡುವ ಮೊದಲು

ನಮ್ಮಲ್ಲಿ ಯಾರ ಮನೆಯಲ್ಲೂ ಸ್ವೆಟರ್ ಇಲ್ಲ. ಎಲ್ಲಾ ಹೊಸತು ತೆಗೊಳ್ಬೇಕಾ?

ಬೇಡ. ಮೈಗೆ ಅಂಟುವ ಥರ್ಮಲ್ ಎರಡು ಜೊತೆ, ಉಣ್ಣೆ ಟೊಪ್ಪಿ, ನೀರು ಹಿಡಿಯದ ಗ್ಲೌಸು, ಉದ್ದ ಕಾಲುಚೀಲ. ಇಷ್ಟು ಸ್ವಂತದ್ದು ಇರಲಿ. ಮೇಲಿನ ದಪ್ಪ ಅಂಗಿ, ಶೂ, ಸ್ಕೀ ಎಲ್ಲ ಬಾಡಿಗೆಗೆ ಸಿಗುತ್ತವೆ. ಮನಾಲಿಯಿಂದ ಸೋಲಂಗಿಗೆ ಹೋಗುವ ದಾರಿಯುದ್ದಕ್ಕೂ ಬಾಡಿಗೆ ಅಂಗಿಗಳ ಅಂಗಡಿಗಳೇ. ಚಾಲಕ ತನಗೆ ಬೇಕಾದ ಅಂಗಡಿಯ ಎದುರೇ ಗಾಡಿ ನಿಲ್ಲಿಸುತ್ತಾನೆ. ಇಳಿದು ಇನ್ನೆರಡು ಅಂಗಡಿ ಕೇಳಿ ನೋಡಿ.

ನಮ್ಮವರು ಒಂದು ತಪ್ಪು ಮಾಡುತ್ತಾರೆ, ಚಳಿ ಎಂದು ಜೀನ್ಸ್ ಹಾಕುತ್ತಾರೆ. ಹತ್ತಿಯ ಬಟ್ಟೆ ಒದ್ದೆಯಾದರೆ ಅಲ್ಲಿ ಒಣಗುವುದೇ ಇಲ್ಲ, ಮೈಯ ಬಿಸಿಯನ್ನೆಲ್ಲ ಕುಡಿಯುತ್ತದೆ. ಇನ್ನೊಂದು, ಕಪ್ಪು ಕನ್ನಡಕ ಶೋಕಿಗೆ ಎಂದುಕೊಳ್ಳುವುದು. ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣಿಗೇ ಹೊಡೆಯುತ್ತದೆ. ನನ್ನ ಮೊದಲ ಸಲ ಸಂಜೆಗೆ ಕಣ್ಣಲ್ಲಿ ಮೆಣಸಿನ ಪುಡಿ ಬಿದ್ದ ಹಾಗಾಗಿತ್ತು, ಮೂಗಿನ ತುದಿ ವಾರದ ಮೇಲೆ ಸಿಪ್ಪೆ ಸುಲಿಯಿತು.

ಊಟಕ್ಕೆ ಕುಚ್ಚಲಕ್ಕಿ ಸಿಗ್ಲಿಕ್ಕಿಲ್ಲ ಅಲ್ವಾ?

ಸಿಗುವುದಿಲ್ಲ. ರಾಜ್ಮಾ ಅನ್ನ, ರೊಟ್ಟಿ, ದಾಲ್, ಎಲ್ಲೆಲ್ಲೂ ಮ್ಯಾಗಿ. ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ಹಿಡಿದುಕೊಳ್ಳಿ, ಮೂರನೇ ದಿನಕ್ಕೆ ತಂಡದ ನಾಯಕರು ನೀವೇ.

ಹಿಂದಿ ಬರುವುದಿಲ್ಲ. ಕಲಿಸುವವರು ಹೇಳಿದ್ದು ಅರ್ಥ ಆಗ್ತದಾ?

ಅವರು ದಿನವಿಡೀ ಹೇಳುವುದು ಮೂರೇ ಮಾತು. ಘುಟ್ನಾ ಮೋಡೋ: ಮೊಣಕಾಲು ಬಗ್ಗಿಸು. ಆಗೇ ಝುಕೋ: ಮುಂದಕ್ಕೆ ಬಾಗು. ಸಾಮ್ನೆ ದೇಖೋ: ಎದುರು ನೋಡು. ನಾಲ್ಕನೆಯದನ್ನು ಕೈ ಸನ್ನೆಯಲ್ಲೇ ಹೇಳುತ್ತಾರೆ: ಏಳು.

ನನಗೆ ಅರುವತ್ತು ದಾಟಿತು. ಬರಬಹುದಾ?

ಬರಬಹುದು, ಆದರೆ ಸಮುದ್ರದ ಮಟ್ಟದಲ್ಲಿ ಬದುಕಿದ ಶ್ವಾಸಕೋಶ ನಮ್ಮದು ಎಂಬ ನೆನಪಿರಲಿ. 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಉಂಟು. ಔಲಿಯ ದಾರಿಯಲ್ಲಿ ಸುಮಾರು 1,900 ಮೀಟರಿನ ಜೋಶಿಮಠದಲ್ಲಿ ಒಂದು ರಾತ್ರಿ ನಿಂತು ಏರಿದರೆ ದೇಹ ಒಗ್ಗಿಕೊಳ್ಳುತ್ತದೆ. ಸೋಲಂಗಿಗೆ ಹೋಗುವವರು ಹೇಗೂ ರಾತ್ರಿ ಮಲಗುವುದು 2,050 ಮೀಟರಿನ ಮನಾಲಿಯಲ್ಲಿ. ಹಾಗಾಗಿ ಈ ಒಂದು ವಿಷಯದಲ್ಲಿ ಹಿರಿಯರಿಗೆ ಸೋಲಂಗ್ ಹಗುರ. ಆಸ್ಪತ್ರೆ, ಔಷಧಿ ಅಂಗಡಿಗಳೂ ಮನಾಲಿಯಲ್ಲೇ ಸಿಗುತ್ತವೆ. ಹೃದಯದ ಅಥವಾ ಬಿ.ಪಿ. ಮದ್ದು ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬಾರದು. ಮಂಡಿ ನೋವಿದ್ದರೆ ಸ್ಕೀ ಬೇಡ. ಕುರ್ಚಿ ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಚಹಾ ಕುಡಿದು ಬನ್ನಿ, ನಷ್ಟವೇನಿಲ್ಲ.

ಅಮ್ಮನಿಗೆ ಬದರಿ ನೋಡ್ಬೇಕು ಅಂತ ಉಂಟು. ಔಲಿಗೆ ಹೋದಾಗ ಅದೂ ಆಗ್ತದಾ?

ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿರುತ್ತದೆ, ದಾರಿಯೂ ಹಿಮದಡಿ. ಆದರೆ ಅಮ್ಮನನ್ನು ನಿರಾಸೆ ಮಾಡಬೇಕಾಗಿಲ್ಲ. ಆ ಆರು ತಿಂಗಳು ಬದರಿಯ ಪೂಜೆ ಸಲ್ಲುವುದು ಜೋಶಿಮಠದ ನರಸಿಂಹ ದೇವಸ್ಥಾನದಲ್ಲೇ. ಶಂಕರಾಚಾರ್ಯರ ಜ್ಯೋತಿರ್ಮಠವೂ ಅದೇ ಊರು. ಬದರಿಯ ಮುಖ್ಯ ಅರ್ಚಕರಾದ ರಾವಲರು ಪರಂಪರೆಯಿಂದ ಉತ್ತರ ಕೇರಳದ ನಂಬೂದಿರಿಗಳು, ಹೆಚ್ಚುಕಡಿಮೆ ನಮ್ಮ ನೆರೆಕರೆಯವರು. ಇದನ್ನು ಹೇಳಿದ ಮೇಲೆ ನನ್ನ ಚಿಕ್ಕಮ್ಮ ಔಲಿಯ ಪಕ್ಷಕ್ಕೆ ಸೇರಿದರು, ಸ್ಕೀಯಿಂಗ್ ಎಂದರೇನೆಂದು ಕೊನೆಯವರೆಗೂ ಕೇಳಲಿಲ್ಲ. ಮನೆಯಲ್ಲಿ ಹಿರಿಯರನ್ನು ಒಪ್ಪಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ವಾದ ಸೋಲಂಗಿನ ಬಳಿ ಇಲ್ಲ.

## ಅಲ್ಲಿಗೆ ಮುಟ್ಟಿದ ಮೇಲೆ

ಜೋಶಿಮಠ ಕುಸಿಯುತ್ತಾ ಉಂಟಲ್ಲ, ಅಲ್ಲಿಗೆ ಹೋಗುವುದು ಸರಿಯಾ?

2023ರ ಜನವರಿಯಲ್ಲಿ ಆ ಊರಿನ ನೂರಾರು ಮನೆಗಳು ಬಿರುಕು ಬಿಟ್ಟವು, ಕುಟುಂಬಗಳನ್ನು ಸ್ಥಳಾಂತರಿಸಬೇಕಾಯಿತು. ಊರು ಕೂತಿರುವುದೇ ಹಳೆಯ ಭೂಕುಸಿತದ ಸಡಿಲ ಮಣ್ಣಿನ ಮೇಲೆ. ಜೋಶಿಮಠದಿಂದ ಔಲಿಗೆ ಹೋಗುತ್ತಿದ್ದ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇ ಆಗಲೇ ನಿಂತಿತು. ಹಳೆಯ ಫೋಟೊ ನೋಡಿ ಅದನ್ನೇ ನಂಬಿ ಹೊರಡಬೇಡಿ. ಈಗ ರಸ್ತೆಯೇ ಗತಿ, ಹದಿನೈದು ಕಿಲೋಮೀಟರಿನಷ್ಟು ತಿರುವುಗಳು. ಹಿಮ ಜೋರಾದರೆ ಕೊನೆಯ ಭಾಗಕ್ಕೆ ಫೋರ್ ವೀಲ್ ಜೀಪೇ ಬೇಕು. ಔಲಿಯ ಮೇಲಿರುವ ಕುರ್ಚಿ ಲಿಫ್ಟ್ ಬೇರೆ. ಅದು ಸುಮಾರು 800 ಮೀಟರಿನದು, ಇಳಿಜಾರಿನ ಬುಡದಿಂದ ಮೇಲಕ್ಕೆ.

ಹೋಗುವುದು ಸರಿಯೋ ತಪ್ಪೋ ಎಂಬುದಕ್ಕೆ ನನ್ನ ಉತ್ತರ: ಪ್ರವಾಸಿಗರು ನಿಂತರೆ ಅಲ್ಲಿಯವರ ಒಲೆ ಆರುತ್ತದೆ, ಹೋಗಿ. ಆದರೆ ಮಳೆಗಾಲದಲ್ಲಿ ಆ ದಾರಿಗೆ ಇಳಿಯಬೇಡಿ. ಚಳಿಗಾಲದಲ್ಲೂ ಹಿಂತಿರುಗುವ ರೈಲಿಗೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಸೋಲಂಗಲ್ಲಿ ಹತ್ತು ನಿಮಿಷಕ್ಕೇ ಸ್ಕೀಯಿಂಗ್ ಮುಗಿಸಿ ಬಿಟ್ರು. ಮೋಸ ಅಲ್ವಾ?

ನೀವು ಕೊಂಡದ್ದು ಸ್ಕೀಯಿಂಗ್ ಅಲ್ಲ, ಫೋಟೊ. ಗಾಡಿ ಇಳಿದ ಕೂಡಲೇ ಸುತ್ತುವರಿಯುವ ಹುಡುಗರು ನಿಮ್ಮನ್ನು ಕೈ ಹಿಡಿದು ಇಪ್ಪತ್ತು ಹೆಜ್ಜೆ ಜಾರಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಸ್ಕೀ ಬಿಚ್ಚಿಸಿ ಮುಂದಿನ ಗಿರಾಕಿಗೆ ಕಟ್ಟುತ್ತಾರೆ. ನನ್ನ ಮೊದಲ ಭೇಟಿಯಲ್ಲಿ ಹೀಗೇ ಆಯಿತು. ಬೈಯಲು ಬಾಯಿ ತೆರೆದೆ, ಆಮೇಲೆ ನಾನೇ ದರ ಕೇಳಿದ್ದೆನೇ ಹೊರತು ಸಮಯ ಕೇಳಿರಲಿಲ್ಲ ಎಂದು ನೆನಪಾಯಿತು. ಎರಡನೇ ಸಲ ಹಿಂದಿನ ಸಂಜೆಯೇ ಒಬ್ಬ ತರಬೇತುದಾರರನ್ನು ಮಾತಾಡಿಸಿ ಇಡೀ ದಿನಕ್ಕೆ ಗೊತ್ತು ಮಾಡಿಕೊಂಡೆ. ಬೆಳಗ್ಗೆ ಎಂಟೂವರೆಗೆ ಶುರು, ಜನ ಬರುವ ಹನ್ನೊಂದರ ಒಳಗೆ ಅರ್ಧ ಪಾಠ ಆಗಿತ್ತು. ಕೇಳಬೇಕಾದದ್ದು ಇಷ್ಟು: ಎಷ್ಟು ಗಂಟೆ, ಶೂ ಸೇರಿದೆಯೇ, ಒಬ್ಬರಿಗೆ ಎಷ್ಟು ಜನ ಶಿಷ್ಯರು.

ಹಿಮ ಬಿದ್ದ ಮರುದಿನ ಬಾಡಿಗೆ ಕಾರನ್ನು ದಾರಿ ನಡುವಿನ ನೆಹರು ಕುಂಡದಲ್ಲೇ ತಡೆಯುವುದುಂಟು. ಮುಂದಕ್ಕೆ ಫೋರ್ ವೀಲ್ ಗಾಡಿಗೆ ಮತ್ತೆ ದುಡ್ಡು. ಇದನ್ನೂ ಮೊದಲೇ ಲೆಕ್ಕ ಹಾಕಿ.

ಸರಿಯಾಗಿ ಕಲೀಲಿಕ್ಕೆ ಎಷ್ಟು ದಿನ? ಕೋರ್ಸ್ ಎಲ್ಲಿ ಒಳ್ಳೇದು?

ಬೀಳದೆ ನಿಲ್ಲಲು ಒಂದು ದಿನ, ಬೇಕೆಂದಲ್ಲಿ ನಿಲ್ಲಿಸಲು ಮೂರು ದಿನ, ಎಡಕ್ಕೆ ಬಲಕ್ಕೆ ತಿರುಗುತ್ತಾ ಇಳಿಯಲು ಒಂದು ವಾರ. ಇದು ನನ್ನಂಥ ನಲವತ್ತು ದಾಟಿದವರ ಲೆಕ್ಕ. ಮಕ್ಕಳಿಗೆ ಇದರ ಅರ್ಧ ಸಾಕು, ಅವರಿಗೆ ಬೀಳುವ ಹೆದರಿಕೆ ಇಲ್ಲ.

ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನದ, 14 ದಿನದ ಕೋರ್ಸುಗಳನ್ನು ನಡೆಸುತ್ತಾ ಬಂದಿದ್ದಾರೆ. ವಸತಿ, ಊಟ, ಸ್ಕೀ, ಗುರು ಎಲ್ಲ ಸೇರಿ ಒಂದೇ ಶುಲ್ಕ. ಸೋಲಂಗಿನ ಕಡೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ 14 ದಿನದ ಕೋರ್ಸಿದೆ. ಮೂಲ, ಮಧ್ಯಮ, ಉನ್ನತ ಎಂದು ಮೂರು ಮೆಟ್ಟಿಲು. ಶಿಸ್ತು ಎನ್.ಸಿ.ಸಿ. ಶಿಬಿರದಂತೆ, ಬೆಳಗ್ಗೆ ಓಟ, ಸೀಟಿ, ಸಾಲು. ಇಪ್ಪತ್ತರ ಹುಡುಗ ಹುಡುಗಿಯರಿಗೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ‘ಕಲಿಯಲು ಔಲಿ’ ಎಂಬ ನನ್ನ ಮಾತಿಗೆ ಇರುವ ಒಂದೇ ಅಪವಾದ ಇದು. ಸಂಸಾರಸ್ಥರಿಗೆ, ಅಂಗಡಿ ಮುಚ್ಚಿ ಬರುವವರಿಗೆ ಔಲಿಯ ಏಳು ದಿನ ಸರಿ. ಎರಡಕ್ಕೂ ತಾರೀಕು ಚಳಿಗಾಲದ ಮೊದಲೇ ಪ್ರಕಟವಾಗುತ್ತದೆ, ತಡ ಮಾಡಿದರೆ ಜಾಗ ಇರುವುದಿಲ್ಲ.

ಬಿದ್ದರೆ ಎಂತ ಮಾಡುವುದು?

ಬೀಳಿ. ಮಳೆಗಾಲದಲ್ಲಿ ಅಂಗಳಕ್ಕೆ ಅಡಕೆ ಸೋಗೆ ಹಾಸಿ ಪಾಚಿಯಿಂದ ಪಾರಾಗುವವರು ನಾವು, ಜಾರುವುದೆಂದರೆ ಮೈಯೆಲ್ಲ ಬಿಗಿಹಿಡಿದು ಹಿಂದಕ್ಕೆ ವಾಲುವ ಅಭ್ಯಾಸ. ಹಿಮದಲ್ಲಿ ಅದೇ ಅಪಾಯ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗ ಹಗುರವಾಗಿ ಹಿಡಿತ ತಪ್ಪುತ್ತದೆ, ವೇಗ ಹೆಚ್ಚುತ್ತದೆ. ಅಂಗಳದಲ್ಲಿ ಕಲಿತದ್ದನ್ನು ಮರೆತು ಇಳಿಜಾರಿನ ಕಡೆಗೇ ಬಾಗಬೇಕು. ನಾಲ್ಕು ದಿನವೂ ನನ್ನ ಜಗಳ ಇದೊಂದರ ಜೊತೆಯೇ ಇತ್ತು.

ಬೀಳುವುದು ಖಂಡಿತ ಅನ್ನಿಸಿದಾಗ ಪಕ್ಕಕ್ಕೆ, ಪೃಷ್ಠದ ಮೇಲೆ ಬೀಳಿ, ಕೈ ಊರಬೇಡಿ. ಏಳುವಾಗ ಎರಡೂ ಸ್ಕೀಯನ್ನು ಇಳಿಜಾರಿಗೆ ಅಡ್ಡ ಇಡಿ, ಇಲ್ಲವಾದರೆ ಎದ್ದ ಕ್ಷಣವೇ ಮತ್ತೆ ಹೊರಡುತ್ತೀರಿ.

## ಒಮ್ಮೆ ಹೋಗಿ ಬಂದವರು ಕೇಳುವುದು

ಶೂ ಹಾಕಿದ ಅರ್ಧ ಗಂಟೆಗೆ ಕಾಲು ಮರಗಟ್ಟುತ್ತದೆ. ದೊಡ್ಡದು ತೆಗೊಂಡ್ರೆ ಸರಿಯಾ?

ಸರಿಯಲ್ಲ. ಹೆಚ್ಚಿನವರು ಚಳಿಗೆಂದು ಎರಡು ಮೂರು ಕಾಲುಚೀಲ ಹಾಕುತ್ತಾರೆ, ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಉದ್ದ ಕಾಲುಚೀಲ, ಸುಕ್ಕಿಲ್ಲದೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ದೊಡ್ಡ ಶೂವಿನಲ್ಲಿ ನೀವು ತಿರುಗುತ್ತೀರಿ, ಸ್ಕೀ ತಿರುಗುವುದಿಲ್ಲ. ಸ್ಕೀಯ ಉದ್ದ ಕಲಿಯುವವರಿಗೆ ಗಲ್ಲದ ಮಟ್ಟ ಸಾಕು. ಬಿದ್ದಾಗ ಶೂ ಕಳಚಿಕೊಳ್ಳಬೇಕಾದ ಕ್ಲಿಪ್ಪಿನ ಬಿಗಿಯನ್ನು ನಿಮ್ಮ ತೂಕ ಹೇಳಿ ಹೊಂದಿಸಿಕೊಳ್ಳಿ. ಬಾಡಿಗೆ ಅಂಗಡಿಯವರು ಕೇಳದಿದ್ದರೆ ನೀವೇ ಹೇಳಬೇಕು, ಕಾಲು ನಿಮ್ಮದು.

ಎರಡನೇ ಸಲಕ್ಕೆ ಯಾವುದು? ಹಾದಿ ಬಿಟ್ಟು ಇಳೀಬಹುದಾ?

ಎರಡನೇ ಸಲ ನಿಸ್ಸಂಶಯವಾಗಿ ಔಲಿ. ಸೋಲಂಗಿನ ಕೆಳಗಿನ ಇಳಿಜಾರು ಚಿಕ್ಕದು, ಕುದುರೆ, ಕೂತು ಜಾರುವ ಟ್ಯೂಬು, ಹಿಮದ ಸ್ಕೂಟರುಗಳ ಜೊತೆ ಹಂಚಿಕೊಳ್ಳಬೇಕು. ಲಯ ಹಿಡಿಯುವಷ್ಟರಲ್ಲಿ ಯಾರದೋ ಮಗು ಅಡ್ಡ. ಔಲಿಯ ಇಳಿಜಾರು ಉದ್ದ, 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಅಲ್ಲೇ. ಇಂಡೋ ಟಿಬೆಟನ್ ಗಡಿ ಪೊಲೀಸರ ತರಬೇತಿ ಸಂಸ್ಥೆಯೂ ಅಲ್ಲುಂಟು. ಅವರ ಜವಾನರು ಇಳಿಯುವುದನ್ನು ಬದಿಯಲ್ಲಿ ನಿಂತು ನೋಡುವುದೇ ಒಂದು ಪಾಠ. ಸ್ಕೀ ಇಲ್ಲದ ದಿನ ಗೋರ್ಸೋ ಬುಗ್ಯಾಲ್ ಎಂಬ ಹುಲ್ಲುಗಾವಲಿನ ಕಡೆ ನಡೆಯಬಹುದು.

ಹಾದಿ ಬಿಟ್ಟು ಇಳಿಯುವ ಮಾತು ಬೇಡ. ಹೊಸ ಹಿಮ ಹಳೆಯದರ ಮೇಲೆ ಸರಿಯಾಗಿ ಅಂಟಿರುವುದಿಲ್ಲ, ಒಬ್ಬನ ಭಾರಕ್ಕೇ ಪದರ ಕಳಚಿ ಹಿಮಕುಸಿತವಾಗಬಹುದು. ವಿಮೆ ಇದ್ದರೂ ಪಾಲಿಸಿಯ ಸಣ್ಣ ಅಕ್ಷರ ಓದಿ. ಸಾಹಸ ಕ್ರೀಡೆಯ ಗಾಯವನ್ನು ಹೊರಗಿಡುವ ಪಾಲಿಸಿಗಳೇ ಜಾಸ್ತಿ.

ಇಷ್ಟೆಲ್ಲಾ ಮಾಡಿ ಹೋಗಿ ಹಿಮವೇ ಬೀಳದಿದ್ರೆ?

ಬೀಳದೆ ಇರುವ ವರ್ಷಗಳುಂಟು. 2023ರ ಫೆಬ್ರವರಿಯಲ್ಲಿ ಔಲಿಯ ರಾಷ್ಟ್ರೀಯ ಸ್ಪರ್ಧೆಯನ್ನೇ ಹಿಮವಿಲ್ಲದೆ ಕೈಬಿಡಬೇಕಾಯಿತು. ಅಲ್ಲಿಯ ಹಿಮಕ್ಕೂ ನಮ್ಮ ಮಳೆಗೂ ಸಂಬಂಧವಿಲ್ಲ. ನಮ್ಮದು ಅರಬ್ಬಿ ಕಡಲಿನದು, ಅವರದು ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಪಶ್ಚಿಮದ ಮಾರುತಗಳದ್ದು. ಆ ಮಾರುತ ದುರ್ಬಲವಾದರೆ ಎರಡೂ ಕಡೆ ಒಣ ಹುಲ್ಲು. ಔಲಿಯಲ್ಲಿ ಹಿಮ ಮಾಡುವ ಯಂತ್ರಗಳಿವೆ, ಅದಕ್ಕೆಂದೇ ಕೆರೆಯೂ ಇದೆ. ಆದರೆ ಯಂತ್ರಕ್ಕೂ ಸೊನ್ನೆಗಿಂತ ಕೆಳಗಿನ ಚಳಿ ಬೇಕು, ಅದನ್ನು ನಂಬಿ ಟಿಕೆಟ್ ಮಾಡಬೇಡಿ. ಹೊರಡುವ ಎರಡು ದಿನ ಮೊದಲು ಉಳಿಯುವ ಜಾಗಕ್ಕೆ ಫೋನ್ ಮಾಡಿ, ಹಿಮ ಇದೆಯಾ ಎಂದು ಕೇಳಬೇಡಿ, ಇದೆ ಎನ್ನುತ್ತಾರೆ. ಇವತ್ತು ಬೆಳಗ್ಗಿನ ಇಳಿಜಾರಿನ ವಿಡಿಯೊ ಕಳಿಸಿ ಎನ್ನಿ.

ನಮ್ಮ ಕಡೆಯವರು ಈ ಆಟದಲ್ಲಿ ಯಾರಾದ್ರೂ ಇದ್ದಾರಾ, ಅಥವಾ ನೀವೊಬ್ಬರೇ ಹುಚ್ಚರಾ?

ನನ್ನನ್ನು ಬಿಡಿ. ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ 5 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಕಂಚು ಗೆದ್ದರು. ಅದು ಇಳಿಜಾರಿನ ಆಟವಲ್ಲ, ಹಿಮ್ಮಡಿ ಸ್ಕೀಗೆ ಕಚ್ಚದೆ ಸಡಿಲ ಬಿಟ್ಟುಕೊಂಡು ಹಿಮದ ಮೇಲೆ ಓಡುವಂಥದ್ದು. ಸೋಲಂಗಿನ ಕಣಿವೆಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚು ತಂದವರು.

ಹಾಳೆಯ ಹುಡುಗನಿಗೆ ನಾನು ಹೇಳುವುದು ಮಾತ್ರ ಶಿವ ಕೇಶವನ್ ಹೆಸರು. ಮನಾಲಿಯ ವಶಿಷ್ಠ ಹಳ್ಳಿಯವರು, ತಂದೆ ಕೇರಳದವರು, ತಾಯಿ ಇಟಲಿಯವರು. 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್. ಅವರ ಆಟ ಲೂಜ್: ಸಣ್ಣ ಬಂಡಿಯ ಮೇಲೆ ಮಲಗಿ ಮಂಜುಗಡ್ಡೆಯ ಕಾಲುವೆಯಲ್ಲಿ ಇಳಿಯುವುದು. ದೇಶದಲ್ಲಿ ಅಂಥ ಕಾಲುವೆ ಇಲ್ಲದ್ದಕ್ಕೆ ಬಂಡಿಗೆ ಚಕ್ರ ಕಟ್ಟಿ, ಹಿಮಾಲಯದ ಡಾಂಬರು ರಸ್ತೆಯಲ್ಲಿ ಲಾರಿ, ಕುರಿಮಂದೆಗಳ ನಡುವೆ ಅಭ್ಯಾಸ ಮಾಡುತ್ತಿದ್ದರು. ಹುಡುಗ ಕೇಳಿದ್ದು ಒಂದೇ: ‘ಮಾವ, ಅವರಲ್ಲಿ ಅಡಕೆ ಮರ ಇರ್ಲಿಲ್ವಾ?’